ವಿಶ್ವದಲ್ಲಿ ಜೀವಸಾಧ್ಯತೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಾಕ್ಷ್ಯಗಳು

ಜೀವಸಾಧ್ಯತೆ ಎಂದರೆ ವಿಶ್ವದ ಯಾವುದಾದರೊಂದು ನೆಲೆಯಲ್ಲಿ ಜೀವ ಹುಟ್ಟಿ, ಉಳಿದು, ತನ್ನ ಕುರುಹು ಬಿಡಲು ಇರುವ ಅವಕಾಶವನ್ನು ಕುರಿತ ವೈಜ್ಞಾನಿಕ ಅಂದಾಜು. ಇದನ್ನು ಅಭ್ಯಸಿಸುವ ಶಾಖೆಗೆ ಖಗೋಳಜೀವವಿಜ್ಞಾನ ಎಂದು ಹೆಸರು. ಜೀವ ಇದೆ ಎಂದು ಖಚಿತವಾಗಿರುವ ನೆಲೆ ಭೂಮಿಯೊಂದೇ. ಹೀಗಾಗಿ ದೂರದ ಗ್ರಹಗಳ ಬಗ್ಗೆ ಮಾಡುವ ಪ್ರತಿಯೊಂದು ಊಹೆಯೂ ಭೂಮಿಯ ಕಲ್ಲು, ನೀರು, ಗಾಳಿಗಳಿಂದಲೇ ಆರಂಭವಾಗಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳಲ್ಲಿ ಇಂಥ ಸಾಕ್ಷ್ಯ ಹಲವು ಬಗೆಯಲ್ಲಿ ದೊರೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ ನಕ್ಷತ್ರಗಳ ಇತಿಹಾಸವನ್ನು, ಹಟ್ಟಿ–ಮಸ್ಕಿ ಶಿಲಾಪಟ್ಟಿ ಆಮ್ಲಜನಕವಿಲ್ಲದ ಕಾಲದ ಭೂಮಿಯನ್ನು, ಸಿಂಧನೂರಿನ ಭತ್ತದ ಗದ್ದೆ ಜೀವ ಗಾಳಿಗೆ ಬಿಡುವ ಗುರುತನ್ನು ತೋರಿಸುತ್ತವೆ.

ಪಾರಿಭಾಷಿಕ ಪದಗಳು

ಈ ಲೇಖನದಲ್ಲಿ ‘ಜೀವಸೂಚಕ’ ಎಂದರೆ ಜೀವದ ಚಟುವಟಿಕೆಯಿಂದ ಉಂಟಾಗಿ, ಜೀವವಿಲ್ಲದೆ ಆಗುವುದು ಕಷ್ಟವೆನಿಸುವ ಅನಿಲ, ಖನಿಜ, ರಚನೆ ಅಥವಾ ಸಂಕೇತ. ‘ವಾಸಯೋಗ್ಯ ವಲಯ’ ಎಂದರೆ ಗ್ರಹದ ಮೇಲ್ಮೈಯಲ್ಲಿ ನೀರು ದ್ರವರೂಪದಲ್ಲಿ ನಿಲ್ಲಬಹುದಾದಷ್ಟು ದೂರದಲ್ಲಿ ನಕ್ಷತ್ರದ ಸುತ್ತ ಇರುವ ಪ್ರದೇಶ. ವಾಸಯೋಗ್ಯವಾಗಿರುವುದು ಬೇರೆ, ಜೀವ ಇರುವುದು ಬೇರೆ. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ ‘ಹೊರಗ್ರಹ’. ಬೆಳಕನ್ನು ಅದರ ಬಣ್ಣಗಳಾಗಿ ಒಡೆದಾಗ ಸಿಗುವ ಪಟ್ಟಿ ‘ರೋಹಿತ’. ಲಾವಾ ಮತ್ತು ಮೆಕ್ಕಲು ಕಾವಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟು, ಗ್ರಾನೈಟಿನ ನಡುವೆ ಉದ್ದಕ್ಕೆ ಉಳಿದಿರುವ ಪ್ರಾಚೀನ ಶಿಲಾಸಮೂಹ ‘ಹಸಿರುಶಿಲಾ ಪಟ್ಟಿ’. ಕ್ಲೋರೈಟ್, ಆಂಫಿಬೋಲ್ ಮುಂತಾದ ಖನಿಜಗಳಿಂದ ಅದಕ್ಕೆ ಹಸಿರು ಛಾಯೆ ಬಂದಿರುತ್ತದೆ.

ಪ್ರದೇಶ

ಮೂರೂ ತಾಲ್ಲೂಕುಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿಗೆ ಸೇರಿವೆ. ನೆಲದ ಬಹುಭಾಗ ಗ್ರಾನೈಟ್ ಮತ್ತು ನೈಸ್. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬೋಳು ಬಂಡೆಗಳ ಗುಡ್ಡಗಳು ಇಲ್ಲಿನ ಸಾಮಾನ್ಯ ನೋಟ. ಈ ಗ್ರಾನೈಟ್ ಸೀಮೆಯ ನಡುವೆ ಕೊಕ್ಕೆಯಾಕಾರದಲ್ಲಿ ಹಟ್ಟಿ–ಮಸ್ಕಿ ಹಸಿರುಶಿಲಾ ಪಟ್ಟಿ ಹಾದುಹೋಗುತ್ತದೆ. ಮಸ್ಕಿ ಹಳ್ಳ ತುಂಗಭದ್ರೆಯ ಕಡೆಗೆ ಹರಿಯುತ್ತದೆ. ತಗ್ಗಿನ ಎರೆಹೊಲಗಳಲ್ಲಿ ಹಿಂದಿನಿಂದಲೂ ಜೋಳ, ಹತ್ತಿ, ತೊಗರಿ ಬೆಳೆಯುತ್ತಿದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಈ ನೆಲದಲ್ಲಿ ಮನುಷ್ಯರ ವಾಸವೂ ಹಳೆಯದು: ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ನವಶಿಲಾಯುಗದ ನೆಲೆಯಿದೆ, ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ನಡೆಸಿದರು.

ಆಕಾಶ ವೀಕ್ಷಣೆ

ಕಾಲುವೆ ಬರುವ ಮುನ್ನ ಈ ಸೀಮೆಯ ಒಕ್ಕಲುತನ ನಿಂತದ್ದು ಮಳೆಯ ಮೇಲೆ. ಮಳೆಯ ಲೆಕ್ಕ ನಿಂತದ್ದು ನಕ್ಷತ್ರಗಳ ಮೇಲೆ. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ್ದೇ ಹೆಸರು: ರೋಹಿಣಿ, ಮಿರಗ, ಆರಿದ್ರ, ಪುಷ್ಯ, ಮಗಿ, ಉತ್ತರಿ, ಚಿತ್ತಿ, ಸ್ವಾತಿ. ಮುಂಗಾರಿಗೆ ಯಾವ ಬೀಜ, ಹಿಂಗಾರಿಗೆ ಯಾವುದು ಎಂಬ ತೀರ್ಮಾನ ಇಂದಿಗೂ ಬಹುತೇಕ ಈ ಹೆಸರುಗಳಲ್ಲೇ ನಡೆಯುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಈ ನಕ್ಷತ್ರಕಾಲ ಋತುವಿನಿಂದ ಸರಿಯುತ್ತದೆ. ಬರಿಗಣ್ಣಿನಿಂದ ಆಕಾಶ ನೋಡಿ ಬದುಕನ್ನು ಹೊಂದಿಸಿಕೊಂಡ ಈ ಪದ್ಧತಿ ವಿಶ್ವದ ಬಗೆಗಿನ ಬೆರಗು ಮತ್ತು ನಿತ್ಯದ ಅಗತ್ಯ ಒಟ್ಟಿಗೆ ಬೆಳೆದದ್ದಕ್ಕೆ ಒಳ್ಳೆಯ ನಿದರ್ಶನ.

ಎರಡು ಪೂರ್ಣ ಸೂರ್ಯಗ್ರಹಣಗಳು ಈ ಭಾಗದ ಖಗೋಳ ಇತಿಹಾಸದಲ್ಲಿ ಮುಖ್ಯವಾದವು. 1868ರ ಆಗಸ್ಟ್ 18ರ ಗ್ರಹಣದ ನೆರಳು ಕೃಷ್ಣಾ ಕಣಿವೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್, ವನಪರ್ತಿಯಲ್ಲಿ ಮದ್ರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ, ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್, ಮಚಲೀಪಟ್ಟಣದಲ್ಲಿ ನಾರ್ಮನ್ ಪಾಗ್ಸನ್ ಅದನ್ನು ವೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಅಂದು ಕಂಡ ಹಳದಿ ಗೆರೆ ಆಗ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದು ಹೊಸ ಧಾತುವಿನದೆಂದು ನಾರ್ಮನ್ ಲಾಕ್ಯರ್ ತೀರ್ಮಾನಿಸಿದರು. ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ವಿಲಿಯಂ ರಾಮ್ಸೆ ಅದೇ ಧಾತುವನ್ನು ಭೂಮಿಯ ಖನಿಜವೊಂದರಲ್ಲಿ ಕಂಡುಹಿಡಿದರು. ಸೂರ್ಯನಲ್ಲಿ ಮೊದಲು ಗುರುತಾದ ವಸ್ತು ಭೂಮಿಯಲ್ಲಿಯೂ ಸಿಕ್ಕಿದ್ದು ವಿಶ್ವದ ಎಲ್ಲೆಡೆ ರಸಾಯನದ ನಿಯಮ ಒಂದೇ ಎಂಬುದಕ್ಕೆ ಬಲವಾದ ಆಧಾರ. ಜೀವಸಾಧ್ಯತೆಯ ಚರ್ಚೆ ಸಾಧ್ಯವಾಗಿರುವುದೇ ಈ ಒಂದು ಸಂಗತಿಯಿಂದ.

1980ರ ಫೆಬ್ರುವರಿ 16ರ ಮಧ್ಯಾಹ್ನದ ಪೂರ್ಣಗ್ರಹಣದ ಹಾದಿ ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಮೂಲಕ ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾ ಶಿಬಿರಗಳಲ್ಲಿ ಒಂದು ಸಿಂಧನೂರು ತಾಲ್ಲೂಕಿನ ಜವಳಗೇರದಲ್ಲಿತ್ತು. ಅಂದಿನ ಮುಖ್ಯ ಗುರಿ ಸೂರ್ಯನ ಹೊರವಲಯವಾದ ಕರೋನ. ಅದರ ಕಾವು ಸೂರ್ಯನ ಮೇಲ್ಮೈಗಿಂತ ನೂರಾರು ಪಟ್ಟು ಹೆಚ್ಚು. ನಕ್ಷತ್ರವೊಂದರ ಕರೋನ ಮತ್ತು ಅದರ ಸ್ಫೋಟಗಳು ಸುತ್ತಲಿನ ಗ್ರಹಗಳ ವಾಯುಮಂಡಲವನ್ನು ಸವೆಸಬಲ್ಲವಾದ್ದರಿಂದ ಈ ಅಧ್ಯಯನಕ್ಕೆ ಜೀವಸಾಧ್ಯತೆಯೊಂದಿಗೂ ನಂಟಿದೆ. 2023ರ ಸೆಪ್ಟೆಂಬರ್ 2ರಂದು ಉಡಾಯಿಸಿದ ಆದಿತ್ಯ–ಎಲ್1 ನೌಕೆಯಲ್ಲಿ ಗ್ರಹಣವಿಲ್ಲದೆಯೂ ಕರೋನವನ್ನು ನೋಡುವ ಉಪಕರಣವನ್ನು ಇದೇ ಸಂಸ್ಥೆ ನಿರ್ಮಿಸಿದೆ.

ಮೂಲಧಾತುಗಳು ಮತ್ತು ಹಟ್ಟಿಯ ಚಿನ್ನ

ಸುಮಾರು 1380 ಕೋಟಿ ವರ್ಷ ಹಿಂದೆ ವಿಶ್ವ ಆರಂಭವಾದಾಗ ಉಂಟಾದವು ಹೈಡ್ರೋಜನ್, ಹೀಲಿಯಂ ಮತ್ತು ತೀರ ಸ್ವಲ್ಪ ಲಿಥಿಯಂ. ಜೀವಕ್ಕೆ ಬೇಕಾದ ಇಂಗಾಲ, ಸಾರಜನಕ, ಆಮ್ಲಜನಕ, ರಂಜಕ, ಗಂಧಕಗಳು ಆಮೇಲೆ ನಕ್ಷತ್ರಗಳ ಒಡಲಿನಲ್ಲೂ ಅವುಗಳ ಸ್ಫೋಟದಲ್ಲೂ ತಯಾರಾದವು. ಹೀಗಾಗಿ ವಿಶ್ವದ ಮೊದಲ ತಲೆಮಾರಿನ ನಕ್ಷತ್ರಗಳ ಸುತ್ತ ಕಲ್ಲಿನ ಗ್ರಹವಾಗಲಿ ಜೀವವಾಗಲಿ ಇರುವ ಸಂಭವವಿರಲಿಲ್ಲ.

ನಕ್ಷತ್ರದೊಳಗಿನ ಸಾಮಾನ್ಯ ಸಮ್ಮಿಲನ ಕಬ್ಬಿಣದ ಬಳಿ ನಿಲ್ಲುತ್ತದೆ. ಚಿನ್ನದಂಥ ಭಾರಧಾತು ಹುಟ್ಟಲು ಪರಮಾಣು ಬೀಜದ ಮೇಲೆ ಅತಿ ಕಡಿಮೆ ಸಮಯದಲ್ಲಿ ನ್ಯೂಟ್ರಾನ್‌ಗಳ ಸುರಿಮಳೆಯಾಗಬೇಕು. 2017ರ ಆಗಸ್ಟ್ 17ರಂದು ಲೈಗೊ ಮತ್ತು ವರ್ಗೊ ವೀಕ್ಷಣಾಲಯಗಳು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಹೊಮ್ಮಿದ ಗುರುತ್ವದ ಅಲೆಯನ್ನು ಗ್ರಹಿಸಿದವು. ಆ ಡಿಕ್ಕಿಯ ಬೆಳಕಿನ ರೋಹಿತದಲ್ಲಿ ಹೊಸದಾಗಿ ಹುಟ್ಟಿದ ಭಾರಧಾತುಗಳ ಗುರುತು ಕಂಡಿತು. ಸ್ಟ್ರಾನ್ಷಿಯಂ ಅವುಗಳಲ್ಲಿ ಸ್ಪಷ್ಟವಾಗಿ ಗುರುತಾದ ಧಾತು. ಸೂರ್ಯನಿಗಿಂತ ಮೊದಲೇ ನಡೆದ ಇಂಥ ಘಟನೆಗಳ ಉಳಿಕೆಯೇ ಹಟ್ಟಿಯ ಚಿನ್ನ.

ಭೂಮಿ ಕರಗಿದ ಸ್ಥಿತಿಯಲ್ಲಿದ್ದಾಗ ಚಿನ್ನದ ಬಹುಪಾಲು ಕಬ್ಬಿಣದ ಜೊತೆ ಗರ್ಭಕ್ಕೆ ಇಳಿಯಿತು. ಚಿಪ್ಪಿನಲ್ಲಿ ಉಳಿದ ಅಲ್ಪಸ್ವಲ್ಪವನ್ನು ಬಿಸಿನೀರು ಹೊತ್ತು ತಂದು ಒಂದೆಡೆ ಸೇರಿಸಿತು. ಹಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತ ಬಿಸಿದ್ರವ ಬಸಾಲ್ಟಿನ ಬಿರುಕು ಮತ್ತು ಜಾರುವಲಯಗಳಲ್ಲಿ ಏರಿ, ಬೆಣಚುಕಲ್ಲಿನ ಎಳೆಗಳಲ್ಲೂ ಅವುಗಳ ಅಕ್ಕಪಕ್ಕದ ಮಾರ್ಪಟ್ಟ ಕಲ್ಲಿನಲ್ಲೂ ಚಿನ್ನವನ್ನು ಬಿಟ್ಟಿದೆ. ಗಣಿಯ ಮಂದಿ ಈ ಎಳೆಗಳನ್ನು ‘ರೀಫ್’ ಎನ್ನುತ್ತಾರೆ. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ. ಹಟ್ಟಿಯ ಹಳೆಯ ಗುಂಡಿಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು 2000 ವರ್ಷ ಹಿಂದಿನವು ಎಂದು ಇಂಗಾಲದ ಕಾಲಮಾಪನ ತೋರಿಸಿದೆ. ಅಂದಿನವರು ಬೆಂಕಿ ಮತ್ತು ಕೈಹತಾರಗಳ ಬಲದಿಂದ ಆಗಲೇ ಬಹು ಆಳಕ್ಕೆ ಇಳಿದಿದ್ದರು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಆರಂಭವಾದ ಸಂಸ್ಥೆ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಅದಿರಿನಿಂದ ನೇರವಾಗಿ ಚಿನ್ನ ತೆಗೆಯುವ ಭಾರತದ ಪ್ರಮುಖ ಗಣಿ ಇಂದು ಇದೇ.

ಹಟ್ಟಿ–ಮಸ್ಕಿ ಶಿಲಾಪಟ್ಟಿ

ಈ ಪಟ್ಟಿಯ ಶಿಲೆಗಳ ವಯಸ್ಸು ಸುಮಾರು 250ರಿಂದ 270 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಪೂರ್ವ ಧಾರವಾಡ ಶಿಲಾಖಂಡಕ್ಕೆ ಸೇರಿಸುತ್ತಾರೆ. ಪಟ್ಟಿಯ ಮುಖ್ಯ ಶಿಲೆ ಮಾರ್ಪಟ್ಟ ಬಸಾಲ್ಟ್. ಕೆಲವೆಡೆ ಅದರಲ್ಲಿ ದಿಂಬಿನಾಕಾರದ ಉಬ್ಬುಗಳು ಕಾಣುತ್ತವೆ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ಥಟ್ಟನೆ ಗಟ್ಟಿಯಾಗಿ ಈ ರೂಪ ಬರುತ್ತದೆ. ಇಂದು ಬಯಲಾಗಿರುವ ಈ ನೆಲ ಅಂದು ಕಡಲಡಿಯಲ್ಲಿತ್ತು ಎಂಬುದಕ್ಕೆ ಇದೇ ನೇರ ಸಾಕ್ಷ್ಯ. ಇದೇ ಬಗೆಯ ದಿಂಬುಲಾವಾ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇನ್ನೂ ಸ್ಪಷ್ಟವಾಗಿದ್ದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಬಸಾಲ್ಟಿನ ಜೊತೆ ಬಿಳಿಛಾಯೆಯ ಜ್ವಾಲಾಮುಖಿ ಶಿಲೆಗಳು, ಉರುಟುಗಲ್ಲು ಸೇರಿ ಗಟ್ಟಿಯಾದ ಶಿಲೆ, ಕಬ್ಬಿಣದ ಪಟ್ಟೆಶಿಲೆಗಳೂ ಇವೆ.

ಜೀವಸಾಧ್ಯತೆಯ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚು ಮಹತ್ವದ್ದು ಪಟ್ಟೆಶಿಲೆ. ಸಿಲಿಕ ಮತ್ತು ಕಬ್ಬಿಣದ ಆಕ್ಸೈಡ್ ಪದರಗಳು ಅದರಲ್ಲಿ ಒಂದಾದ ಮೇಲೊಂದು ಬರುತ್ತವೆ. ಕಡಲ ನೀರಿನಲ್ಲಿ ಕಬ್ಬಿಣ ಅಷ್ಟು ಪ್ರಮಾಣದಲ್ಲಿ ಕರಗಿರಬೇಕಾದರೆ ನೀರಿನಲ್ಲಿ ಆಮ್ಲಜನಕ ಇರಕೂಡದು. ವಾಯುಮಂಡಲದಲ್ಲಿ ಆಮ್ಲಜನಕ ನೆಲೆಯಾಗಿ ಉಳಿಯತೊಡಗಿದ್ದು ಸುಮಾರು 240 ಕೋಟಿ ವರ್ಷ ಹಿಂದೆ. ಹಟ್ಟಿ–ಮಸ್ಕಿ ಶಿಲೆಗಳು ಅದಕ್ಕಿಂತ ಹಳೆಯವು. ಅಂದಿನ ಗಾಳಿಯಲ್ಲಿ ಇಂದಿನ ಯಾವ ಪ್ರಾಣಿಯೂ ಉಸಿರಾಡಲಾರದು. ಆದರೂ ಕಡಲಲ್ಲಿ ಜೀವ ಇತ್ತು. ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಕೆಳಗಿಳಿಸುವುದರಲ್ಲಿ ಸೂಕ್ಷ್ಮಜೀವಿಗಳ ಪಾಲಿತ್ತು ಎಂಬ ವಿವರಣೆಯನ್ನು ಬಹಳ ಮಂದಿ ವಿಜ್ಞಾನಿಗಳು ಒಪ್ಪುತ್ತಾರೆ.

ಧಾರವಾಡ ಶಿಲಾಖಂಡದಲ್ಲಿ ಅಂದಿನ ಜೀವದ ಕಣ್ಣಿಗೆ ಕಾಣುವ ಗುರುತು ಸ್ಟ್ರೊಮ್ಯಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಪೊರೆ ಮೆಕ್ಕಲನ್ನು ಹಿಡಿದು ಪದರಪದರವಾಗಿ ಬೆಳೆದ ಗುಮ್ಮಟಾಕಾರದ ರಚನೆ ಇದು. ಚಿತ್ರದುರ್ಗ ಪಟ್ಟಿಯ ಮತ್ತು ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು ಪಟ್ಟಿಯ ಕಾರ್ಬೊನೇಟ್ ಶಿಲೆಗಳಲ್ಲಿ ಇವು ದೊರೆತಿವೆ.

ಜೀವದ ಆರಂಭಕಾಲ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯದ ಸ್ಟ್ರೊಮ್ಯಾಟೊಲೈಟ್‌ಗಳು 348 ಕೋಟಿ ವರ್ಷದವು. ಗ್ರೀನ್‌ಲ್ಯಾಂಡಿನ ಇಸುವ ಪ್ರದೇಶದ 370 ಕೋಟಿ ವರ್ಷ ಹಳೆಯ ಶಿಲೆಗಳ ಇಂಗಾಲವೂ ಜೀವಮೂಲದ್ದೆಂಬ ವಾದವಿದೆ. ಇಂದಿನ ಎಲ್ಲ ಜೀವಿಗಳ ಜೀನುಗಳನ್ನು ಹೋಲಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವುಗಳ ಸಮಾನ ಪೂರ್ವಜ ಸುಮಾರು 420 ಕೋಟಿ ವರ್ಷ ಹಿಂದೆ ಇದ್ದಿತೆಂದು ಅಂದಾಜಿಸಿತು. ಈ ಅಂಕಿಗಳಲ್ಲಿ ಯಾವುದನ್ನು ಒಪ್ಪಿದರೂ ಜೀವ ಭೂಮಿಯ ಇತಿಹಾಸದ ಮೊದಲ ಕಾಲುಭಾಗದಲ್ಲೇ ಹುಟ್ಟಿದೆ. ಆಮೇಲಿನ ನಡಿಗೆ ನಿಧಾನ. ಬರಿಗಣ್ಣಿಗೆ ಕಾಣುವ ಪ್ರಾಣಿಗಳು ಬಂದದ್ದು ಸುಮಾರು 60 ಕೋಟಿ ವರ್ಷ ಹಿಂದೆ. ಆಧುನಿಕ ಮನುಷ್ಯನ ವಯಸ್ಸು ಸುಮಾರು 3 ಲಕ್ಷ ವರ್ಷ. ಹಟ್ಟಿಯ ಲಾವಾ ಹರಿದಾಗ ಭೂಮಿಯ ಮೇಲಿದ್ದದ್ದೆಲ್ಲ ಸೂಕ್ಷ್ಮಜೀವಿಗಳೇ.

ಜೀವದ ಕಚ್ಚಾವಸ್ತು ಭೂಮಿಗೆ ಮಾತ್ರ ಸೀಮಿತವಲ್ಲ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳು ಸಿಕ್ಕವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಭೂಮಿಗೆ ತಂದ ಮಾದರಿಯಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಮತ್ತು ಡಿಎನ್ಎ, ಆರ್‌ಎನ್ಎಗಳ ಐದೂ ಪ್ರತ್ಯಾಮ್ಲಗಳು ಇರುವುದಾಗಿ 2025ರ ಜನವರಿಯಲ್ಲಿ ವರದಿಯಾಯಿತು. ಕಚ್ಚಾವಸ್ತುವಿನಿಂದ ತನ್ನಂಥದನ್ನೇ ತಾನು ಹುಟ್ಟಿಸಬಲ್ಲ ವ್ಯವಸ್ಥೆ ಹೇಗೆ ಮೂಡಿತು ಎಂಬುದು ಇಡೀ ವಿಷಯದ ಅತಿ ಕಠಿಣ ಪ್ರಶ್ನೆಯಾಗಿ ಉಳಿದಿದೆ.

ನೆಲದಾಳದ ಜೀವ

ಜೀವಕ್ಕೆ ಬಿಸಿಲು ಅನಿವಾರ್ಯವೆಂಬ ನಂಬಿಕೆಯನ್ನು ಸಡಿಲಿಸಿದ್ದರಲ್ಲಿ ಗಣಿಗಳ ಪಾಲೂ ಇದೆ. ದಕ್ಷಿಣ ಆಫ್ರಿಕದ ಎಂಪೊನೆಂಗ್ ಗಣಿಯಲ್ಲಿ 2.8 ಕಿಲೋಮೀಟರ್ ಆಳದ ಬಿರುಕುನೀರಿನಲ್ಲಿ ಬಹುಪಾಲು ಒಂದೇ ಪ್ರಭೇದದ ಬ್ಯಾಕ್ಟೀರಿಯ ಕಂಡಿತು. ಅದರ ಜೀನುಗಳ ವಿವರ 2008ರಲ್ಲಿ ಪ್ರಕಟವಾಯಿತು. ಡೀಸಲ್ಫೊರೂಡಿಸ್ ಆಡಾಕ್ಸ್‌ವಯೇಟರ್ ಎಂದು ಹೆಸರಾದ ಇದಕ್ಕೆ ಸೂರ್ಯನ ಹಂಗಿಲ್ಲ. ಸುತ್ತಲಿನ ಕಲ್ಲಿನ ಯುರೇನಿಯಂ ಕ್ಷಯಿಸುವಾಗ ಹೊಮ್ಮುವ ವಿಕಿರಣ ನೀರನ್ನು ಒಡೆದು ಹೈಡ್ರೋಜನ್ ಬಿಡಿಸುತ್ತದೆ. ಆ ಹೈಡ್ರೋಜನ್ ಮತ್ತು ಸಲ್ಫೇಟುಗಳೇ ಇದರ ಆಹಾರ.

ಕೆನಡದ ಕಿಡ್ ಕ್ರೀಕ್ ಗಣಿಯ ಉದಾಹರಣೆ ಹಟ್ಟಿಗೆ ಇನ್ನೂ ಹತ್ತಿರದ್ದು. ಆ ಗಣಿ ಇರುವುದು ಸುಮಾರು 270 ಕೋಟಿ ವರ್ಷದ ಹಸಿರುಶಿಲಾ ಪಟ್ಟಿಯಲ್ಲಿ, ಅಂದರೆ ಹಟ್ಟಿ–ಮಸ್ಕಿಯ ಜಾತಿಯ ಮತ್ತು ಹೆಚ್ಚುಕಡಿಮೆ ಅದೇ ಕಾಲದ ಶಿಲೆಗಳಲ್ಲಿ. ಅಲ್ಲಿ 2.4 ಕಿಲೋಮೀಟರ್ ಆಳದ ಬಿರುಕುಗಳಿಂದ ಹರಿದ ನೀರು ನೂರು ಕೋಟಿ ವರ್ಷಕ್ಕೂ ಮಿಕ್ಕಿ ಹೊರಜಗತ್ತಿನ ಸಂಪರ್ಕವಿಲ್ಲದೆ ಉಳಿದಿತ್ತೆಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೈಡ್ರೋಜನ್ ಹೇರಳವಾಗಿತ್ತು. ಆ ನೀರಿನಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಸೂಕ್ಷ್ಮಜೀವಿಗಳಿವೆ ಎಂಬುದು 2019ರಲ್ಲಿ ತಿಳಿಯಿತು. ಹಟ್ಟಿಯ ಗಣಿ 800 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದೆ. ಸುತ್ತಲಿನ ಗ್ರಾನೈಟಿನಲ್ಲಿ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ ಅಂಶಗಳಿವೆ. ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವೇ ಇದೆ. ನೀರಿನಿಂದ ಹೈಡ್ರೋಜನ್ ಬಿಡಿಸುವ ಈ ಕ್ರಿಯೆಗೆ ಬೇಕಾದ ಕಲ್ಲು ಮತ್ತು ನೀರು ಎರಡೂ ಈ ಸೀಮೆಯ ತಳದಲ್ಲಿವೆ.

ಮೇಲ್ಮೈ ಒಣಗಿ ಹೆಪ್ಪುಗಟ್ಟಿರುವ ಮಂಗಳ, ಮಂಜಿನ ಚಿಪ್ಪಿನಡಿ ಕಡಲಿರುವ ಗುರುಗ್ರಹದ ಯೂರೋಪ, ಶನಿಯ ಎನ್ಸೆಲಡಸ್ ಉಪಗ್ರಹಗಳನ್ನು ಜೀವಸಾಧ್ಯತೆಯ ಪಟ್ಟಿಗೆ ಸೇರಿಸಲು ನೆಲದಾಳದ ಈ ಜೀವವೂ ಒಂದು ಮುಖ್ಯ ಕಾರಣ. ವಾಸಯೋಗ್ಯ ವಲಯದ ಹಳೆಯ ಗಡಿ ಹೀಗೆ ಒಳಕ್ಕೂ ಹೊರಕ್ಕೂ ಹಿಗ್ಗಿದೆ.

 

ಆರ್ಸೆನಿಕ್ ವಿವಾದ

ಹಟ್ಟಿಯ ಅದಿರಿನಲ್ಲಿ ಚಿನ್ನದ ಜೊತೆಗಾರ ಖನಿಜ ಆರ್ಸೆನೊಪೈರೈಟ್. ಕಬ್ಬಿಣ, ಆರ್ಸೆನಿಕ್, ಗಂಧಕಗಳ ಸಂಯುಕ್ತ. ಇಂಥ ಶಿಲೆಗಳಿರುವ ಕಡೆ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಮಿತಿಮೀರುವ ತೊಂದರೆ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಪಟ್ಟಿಗಳ ಸುತ್ತ ಕಂಡುಬಂದಿದೆ. ಹೆಚ್ಚಿನ ಜೀವಿಗಳಿಗೆ ಅದು ವಿಷ. ಕೆಲವು ಬ್ಯಾಕ್ಟೀರಿಯಗಳು ಮಾತ್ರ ಆಮ್ಲಜನಕದ ಬದಲು ಆರ್ಸೆನೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. 2010ರಲ್ಲಿ ಕ್ಯಾಲಿಫೋರ್ನಿಯದ ಮೋನೊ ಸರೋವರದ ಬ್ಯಾಕ್ಟೀರಿಯವೊಂದು ತನ್ನ ಡಿಎನ್ಎಯಲ್ಲಿ ರಂಜಕದ ಜಾಗಕ್ಕೆ ಆರ್ಸೆನಿಕ್ ಸೇರಿಸಿಕೊಳ್ಳುತ್ತದೆ ಎಂಬ ಲೇಖನ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದು ನಿಜವಾಗಿದ್ದರೆ ಜೀವದ ರಸಾಯನದ ವ್ಯಾಪ್ತಿಯೇ ಬದಲಾಗುತ್ತಿತ್ತು. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಆ ಜೀವಿಗೂ ರಂಜಕ ಬೇಕೇ ಬೇಕು ಎಂದು ಸಿದ್ಧವಾಯಿತು. 2025ರ ಜುಲೈಯಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಲೇಖಕರು ಇದನ್ನು ಒಪ್ಪಲಿಲ್ಲ.

ಗದ್ದೆಯ ಮೀಥೇನ್ ಮತ್ತು ಜೀವಸೂಚಕಗಳು

ಸಿಂಧನೂರಿನ ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕೆಸರಿನೊಳಕ್ಕೆ ಆಮ್ಲಜನಕ ಇಳಿಯುವುದಿಲ್ಲ. ಅಲ್ಲಿ ಕೂಳೆ, ಬೇರು, ಗೊಬ್ಬರ ಕೊಳೆಯುವಾಗ ಕೊನೆಯ ಹಂತದ ಕೆಲಸ ಮೀಥೇನ್‌ಜನಕ ಆರ್ಕಿಯಗಳದ್ದು. ಇವು ನೋಡಲು ಬ್ಯಾಕ್ಟೀರಿಯದಂತಿದ್ದರೂ ಬೇರೆಯೇ ವಂಶದವು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಇದನ್ನು ತೋರಿಸಿದ ಮೇಲೆ ಜೀವವೃಕ್ಷದ ನಕ್ಷೆಯೇ ಬದಲಾಯಿತು. ಆಮ್ಲಜನಕವಿಲ್ಲದ ಆದಿಕಾಲದ ಕಡಲಲ್ಲಿ ನಡೆಯುತ್ತಿದ್ದ ಜೀವನಕ್ರಮವನ್ನು ಇವು ಕೆಸರಿನಲ್ಲಿ ಇಂದಿಗೂ ಮುಂದುವರಿಸಿವೆ. ಇವು ಹುಟ್ಟಿಸಿದ ಮೀಥೇನ್ ಬಹುಪಾಲು ಭತ್ತದ ಗಿಡದ ಟೊಳ್ಳು ನಾಳಗಳ ಮೂಲಕ ಗಾಳಿ ಸೇರುತ್ತದೆ. ಮನುಷ್ಯರ ಚಟುವಟಿಕೆಯಿಂದ ಹೊಮ್ಮುವ ಮೀಥೇನಿನಲ್ಲಿ ನೂರಕ್ಕೆ ಸುಮಾರು 8ರಿಂದ 10ರಷ್ಟು ಭತ್ತದ ಗದ್ದೆಗಳದ್ದು.

ಗಾಳಿಯಲ್ಲಿ ನೂರಕ್ಕೆ 21ರಷ್ಟು ಆಮ್ಲಜನಕವಿರುವಾಗ ಮೀಥೇನ್ ಸುಮಾರು ಹತ್ತು ವರ್ಷದಲ್ಲಿ ಉತ್ಕರ್ಷಣಗೊಂಡು ಹೋಗುತ್ತದೆ. ಎರಡೂ ಒಟ್ಟಿಗೆ ಇವೆಯೆಂದರೆ ಎರಡನ್ನೂ ಯಾರೋ ಸತತವಾಗಿ ಪೂರೈಸುತ್ತಿದ್ದಾರೆ ಎಂದರ್ಥ. ಗ್ರಹದ ಗಾಳಿಯ ಈ ಅಸಮತೋಲನವೇ ಜೀವದ ಗುರುತು ಎಂದು ಜೇಮ್ಸ್ ಲವ್ಲಾಕ್ 1965ರ ಹೊತ್ತಿಗೆ ವಾದಿಸಿದರು. ಇದುವರೆಗೆ ಸೂಚಿತವಾದ ಜೀವಸೂಚಕಗಳಲ್ಲಿ ಅತಿ ಗಟ್ಟಿಯಾದದ್ದು ಇದು. ಮೀಥೇನ್ ಒಂದೇ ಇದ್ದರೆ ಸಾಲದು. ಬಿಸಿನೀರು ಮತ್ತು ಕೆಲವು ಶಿಲೆಗಳ ನಡುವಿನ ಕ್ರಿಯೆಯಿಂದಲೂ ಅದು ಹುಟ್ಟುತ್ತದೆ.

ಇನ್ನೊಂದು ಗುರುತು ಹಸಿರೆಲೆಯದು. ಎಲೆ ತನ್ನ ಪತ್ರಹರಿತ್ತಿನಿಂದ ಕೆಂಪು ಬೆಳಕನ್ನು ಹೀರಿ, ಸುಮಾರು 700 ನ್ಯಾನೊಮೀಟರ್ ದಾಟಿದ ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಕಾಲುವೆ ಸೀಮೆಯ ಬೆಳೆಯ ವಿಸ್ತೀರ್ಣವನ್ನು ಉಪಗ್ರಹದ ಚಿತ್ರಗಳಿಂದ ಅಳೆಯುವುದು ಈ ಏರುಪೇರಿನ ಆಧಾರದ ಮೇಲೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ 1990ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕ ಹಾದುಹೋದಾಗ ಅದರ ಉಪಕರಣಗಳು ಆಮ್ಲಜನಕ, ಮೀಥೇನ್, ಎಲೆಹಸಿರಿನ ಈ ಅಂಚು ಮತ್ತು ರೇಡಿಯೊ ಸಂಕೇತಗಳನ್ನು ದಾಖಲಿಸಿದವು. ಕಾರ್ಲ್ ಸೇಗನ್ ಮತ್ತು ಜೊತೆಗಾರರು 1993ರಲ್ಲಿ ಆ ದಾಖಲೆಯನ್ನು ವಿಶ್ಲೇಷಿಸಿ, ಹೊರಗಿನಿಂದ ನೋಡಿದರೆ ಭೂಮಿಯಲ್ಲಿ ಜೀವ ಇದೆಯೆಂದು ತಿಳಿಯಬಹುದೇ ಎಂಬ ಪ್ರಶ್ನೆಗೆ ಹೌದು ಎಂದು ಉತ್ತರಿಸಿದರು.

ಸಂಭಾವ್ಯತೆಯ ಲೆಕ್ಕ

ಆಕಾಶಗಂಗೆಯಲ್ಲಿ ಸುಮಾರು 10,000ದಿಂದ 40,000 ಕೋಟಿ ನಕ್ಷತ್ರಗಳಿವೆ. ಅವುಗಳಲ್ಲಿ ಸಂಪರ್ಕ ಸಾಧ್ಯವಿರುವ ನಾಗರಿಕತೆಗಳೆಷ್ಟು ಎಂದು ಯೋಚಿಸಲು ಫ್ರ್ಯಾಂಕ್ ಡ್ರೇಕ್ 1961ರಲ್ಲಿ ಒಂದು ಸಮೀಕರಣ ಕೊಟ್ಟರು. ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ಸಂಖ್ಯೆ, ಗ್ರಹಗಳಿರುವ ನಕ್ಷತ್ರಗಳ ಪಾಲು, ಅಂಥ ಒಂದೊಂದರ ಸುತ್ತ ವಾಸಯೋಗ್ಯ ಗ್ರಹಗಳೆಷ್ಟು, ಅವುಗಳಲ್ಲಿ ಜೀವ ಹುಟ್ಟುವ, ಬುದ್ಧಿ ಬೆಳೆಯುವ, ಸಂಕೇತ ಕಳಿಸುವ ಪಾಲುಗಳು, ಕೊನೆಗೆ ಅಂಥ ನಾಗರಿಕತೆ ಬಾಳುವ ಕಾಲ: ಈ ಏಳರ ಗುಣಲಬ್ಧವೇ ಉತ್ತರ. ಮೊದಲ ಮೂರನ್ನು ಈಗ ವೀಕ್ಷಣೆಯಿಂದ ಅಂದಾಜಿಸಬಹುದು. ಉಳಿದ ನಾಲ್ಕಕ್ಕೆ ಇರುವ ಆಧಾರ ಭೂಮಿಯೊಂದೇ; ಯಾವ ಬೆಲೆ ಹಾಕುತ್ತೇವೆ ಎಂಬುದರ ಮೇಲೆ ಉತ್ತರ ಬಹುತೇಕ ಸೊನ್ನೆಯಿಂದ ಲಕ್ಷಗಳವರೆಗೂ ಹೋಗುತ್ತದೆ. ಸಮೀಕರಣದ ಬೆಲೆ ಅದರ ಉತ್ತರದಲ್ಲಿಲ್ಲ. ಒಂದು ದೊಡ್ಡ ಪ್ರಶ್ನೆಯನ್ನು ಒಂದೊಂದಾಗಿ ಪರೀಕ್ಷಿಸಬಹುದಾದ ಸಣ್ಣ ಪ್ರಶ್ನೆಗಳಾಗಿ ಬಿಡಿಸಿಟ್ಟಿದ್ದೇ ಅದರ ಸಾಧನೆ.

ಭೂಮಿಯಲ್ಲಿ ಜೀವ ಬೇಗ ಹುಟ್ಟಿದ್ದರಿಂದ ಅದು ಸುಲಭದ ಘಟನೆ ಎನ್ನುವವರಿದ್ದಾರೆ. ಇದಕ್ಕೆ ಎದುರು ವಾದವನ್ನು ಬ್ರ್ಯಾಂಡನ್ ಕಾರ್ಟರ್ 1983ರಲ್ಲಿ ಮಂಡಿಸಿದರು. ಸೂರ್ಯ ಕ್ರಮೇಣ ಪ್ರಖರವಾಗುತ್ತಿದ್ದು, ಸುಮಾರು 100 ಕೋಟಿ ವರ್ಷದಲ್ಲಿ ಭೂಮಿಯ ಮೇಲ್ಮೈ ವಾಸಕ್ಕೆ ಒದಗದಂತಾಗುತ್ತದೆ. ಬುದ್ಧಿಯುಳ್ಳ ಜೀವಿ ಬೆಳೆಯಲು 400 ಕೋಟಿ ವರ್ಷದಷ್ಟು ಬೇಕಾಗಿರುವಾಗ, ಈ ಪ್ರಶ್ನೆ ಕೇಳುವವರು ಜೀವ ಬೇಗ ಹುಟ್ಟಿದ ಗ್ರಹದಲ್ಲೇ ಇರಬೇಕಾಗುತ್ತದೆ. ಆದ್ದರಿಂದ ಭೂಮಿಯ ಉದಾಹರಣೆ ಮಾತ್ರದಿಂದ ಜೀವ ಸುಲಭವೋ ಅಪರೂಪವೋ ಎಂದು ತೀರ್ಮಾನಿಸಲಾಗದು. ಮಂಗಳದಲ್ಲೋ ಎನ್ಸೆಲಡಸ್‌ನಲ್ಲೋ ಭೂಮಿಗೆ ನಂಟಿಲ್ಲದೆ ಹುಟ್ಟಿದ ಒಂದೇ ಒಂದು ಸೂಕ್ಷ್ಮಜೀವಿ ಸಿಕ್ಕರೂ ಲೆಕ್ಕ ಬದಲಾಗುತ್ತದೆ: ಒಂದೇ ಸೌರವ್ಯೂಹದಲ್ಲಿ ಎರಡು ಬಾರಿ ಆದದ್ದು ವಿಶ್ವದಲ್ಲಿ ಅಪರೂಪವಾಗಿರಲಾರದು.

ನಾಗರಿಕತೆಯ ಆಯುಷ್ಯ ಮತ್ತು ಮಸ್ಕಿ ಶಾಸನ

ಡ್ರೇಕ್ ಸಮೀಕರಣದ ಕೊನೆಯ ಅಂಶಕ್ಕೆ ಮಸ್ಕಿಯಲ್ಲಿ ಒಂದು ಅಳತೆಗೋಲಿದೆ. 1915ರ ಜನವರಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ‘ಅಶೋಕ’ ಎಂಬ ಹೆಸರು ಮೊದಲು ಕಂಡದ್ದು ಇಲ್ಲಿ. ಕ್ರಿ.ಪೂ. 3ನೆಯ ಶತಮಾನದ ಈ ಬರಹ ಸುಮಾರು 2250 ವರ್ಷ ಉಳಿದಿದೆ. ಆದರೆ ಲಿಪಿಯನ್ನು ಓದುವ ಬಲ್ಮೆ ನಡುವೆ ಅನೇಕ ಶತಮಾನ ಕಳೆದುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ ಮೇಲೆ ಮರಳಿ ಬಂತು. ಸಂದೇಶ ಉಳಿಯುವುದು, ಅದನ್ನು ಅರಿಯುವವರು ಉಳಿಯುವುದು ಎರಡೂ ಪ್ರತ್ಯೇಕ ಅವಧಿಗಳು. ಮನುಷ್ಯರು ಬಾಹ್ಯಾಕಾಶಕ್ಕೆ ಸೋರುವಂಥ ರೇಡಿಯೊ ಸಂಕೇತ ಕಳಿಸುತ್ತಿರುವುದು ಸುಮಾರು ಒಂದು ಶತಮಾನದಿಂದ ಮಾತ್ರ. ಎರಡು ನಾಗರಿಕತೆಗಳು ಒಂದನ್ನೊಂದು ಕೇಳಿಸಿಕೊಳ್ಳಬೇಕಾದರೆ ಅವುಗಳ ಮಾತನಾಡುವ ಕಾಲ ಮತ್ತು ಆಲಿಸುವ ಕಾಲ ಕೂಡಿಬರಬೇಕು. ದೂರ ನೂರಾರು ಜ್ಯೋತಿರ್ವರ್ಷವಿರುವಾಗ ಒಂದು ಶತಮಾನ ಬಹಳ ಕಿರಿದು.

ಹುಡುಕಾಟ ಮತ್ತು ಭಾರತದ ಪಾಲು

ರೇಡಿಯೊ ಸಂಕೇತಗಳ ಮೊದಲ ವ್ಯವಸ್ಥಿತ ಹುಡುಕಾಟವನ್ನು ಡ್ರೇಕ್ 1960ರಲ್ಲಿ ನಡೆಸಿದರು. ಈವರೆಗೆ ದೃಢಪಟ್ಟ ಸಂಕೇತ ಒಂದೂ ಇಲ್ಲ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಹೊರಗ್ರಹವನ್ನು 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ ಕಂಡುಹಿಡಿದರು. 2025ರ ಸೆಪ್ಟೆಂಬರ್ ಹೊತ್ತಿಗೆ ಖಚಿತಪಟ್ಟ ಹೊರಗ್ರಹಗಳ ಸಂಖ್ಯೆ 6000 ಮುಟ್ಟಿತು.

ಭಾರತದಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರ ಮಾರ್ಗದರ್ಶನದಲ್ಲಿ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ ಮೇಲ್ವಾಯುವಿನ ಮಾದರಿ ತರಲಾಯಿತು. 2005ರ ಏಪ್ರಿಲಿನಲ್ಲಿ 20ರಿಂದ 41 ಕಿಲೋಮೀಟರ್ ಎತ್ತರದಲ್ಲಿ ಹಿಡಿದ ಗಾಳಿಯಲ್ಲಿ ಬ್ಯಾಕ್ಟೀರಿಯಗಳೂ ಶಿಲೀಂಧ್ರಗಳೂ ಸಿಕ್ಕವು. ಅವುಗಳಲ್ಲಿ ಮೂರು ಹೊಸ ಬ್ಯಾಕ್ಟೀರಿಯ ಪ್ರಭೇದಗಳೆಂದು 2009ರಲ್ಲಿ ಪ್ರಕಟಿಸಿ, ಒಂದಕ್ಕೆ ಆರ್ಯಭಟನ, ಒಂದಕ್ಕೆ ಇಸ್ರೋದ, ಇನ್ನೊಂದಕ್ಕೆ ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಹೆಸರಿಡಲಾಯಿತು. ಅವು ಹೊರಲೋಕದಿಂದ ಬಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಅತಿನೇರಳೆ ಕಿರಣದ ಹೊಡೆತದಲ್ಲೂ ಜೀವ ತಾಳಿಕೊಳ್ಳಬಲ್ಲದೆಂಬುದು ಸ್ಪಷ್ಟವಾಯಿತು. 2023ರ ಚಂದ್ರಯಾನ–3ರ ಪ್ರೊಪಲ್ಷನ್ ಘಟಕದಲ್ಲಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ರೂಪಿಸಿದ ‘ಶೇಪ್’ ಎಂಬ ಉಪಕರಣವಿತ್ತು. ದೂರದ ಗ್ರಹವೆಂಬಂತೆ ಭೂಮಿಯ ಅವಕೆಂಪು ಬೆಳಕನ್ನು ಅಳೆದು, ಜೀವವಿರುವ ಗ್ರಹದ ರೋಹಿತ ಹೇಗಿರುತ್ತದೆ ಎಂಬ ಮಾದರಿ ಒದಗಿಸುವುದು ಅದರ ಉದ್ದೇಶ.

ಇಂದಿನ ಸ್ಥಿತಿ

ಭಾರತ ಮೂಲದ ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ 124 ಜ್ಯೋತಿರ್ವರ್ಷ ದೂರದ ಕೆ2–18ಬಿ ಗ್ರಹದ ವಾಯುವಿನಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡನ್ನು 2023ರಲ್ಲಿ ಗುರುತಿಸಿತು. ಭೂಮಿಯಲ್ಲಿ ಕಡಲ ಸೂಕ್ಷ್ಮಸಸ್ಯಗಳು ಬಿಡುವ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಸಂಯುಕ್ತವೂ ಅಲ್ಲಿರಬಹುದೆಂದು 2025ರ ಏಪ್ರಿಲಿನಲ್ಲಿ ಹೇಳಿತು. ಬೇರೆ ತಂಡಗಳು ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿ ಸಂಕೇತ ಸಾಕಷ್ಟು ಬಲವಾಗಿಲ್ಲವೆಂದು ವಾದಿಸಿವೆ. ಅದೇ ಸಂಯುಕ್ತ ಜೀವವಿಲ್ಲದ ಧೂಮಕೇತುವಿನಲ್ಲೂ ಕಂಡುಬಂದಿದೆ.

ಮಂಗಳದ ಜೆಜೆರೊ ಕುಳಿಯಲ್ಲಿ ಪರ್ಸಿವಿಯರೆನ್ಸ್ ವಾಹನ 2024ರಲ್ಲಿ ಒಂದು ಕೆಸರುಕಲ್ಲನ್ನು ಕೊರೆದು ಮಾದರಿ ತೆಗೆಯಿತು. ಅದರಲ್ಲಿರುವ ಚುಕ್ಕೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣದ ಸಲ್ಫೈಡ್ ಖನಿಜಗಳು ಸಾವಯವ ಇಂಗಾಲದ ಜೊತೆಗಿವೆ ಎಂದು 2025ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಭೂಮಿಯಲ್ಲಿ ಇಂಥ ಖನಿಜಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕವನ್ನು ಬಳಸುವ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದಲೂ ಉಂಟಾಗುತ್ತವೆ, ಬರಿಯ ರಸಾಯನದಿಂದಲೂ ಉಂಟಾಗುತ್ತವೆ. ಇವೆರಡರಲ್ಲಿ ಯಾವುದು ಎಂದು ಬಿಡಿಸಲು ಗಂಧಕ ಮತ್ತು ಇಂಗಾಲದ ಸಮಸ್ಥಾನಿಗಳನ್ನು ಭೂಮಿಯ ಪ್ರಯೋಗಾಲಯದಲ್ಲಿ ಅಳೆಯಬೇಕು. ಮಾದರಿಯ ಕೊಳವೆ ಇನ್ನೂ ಮಂಗಳದಲ್ಲೇ ಇದೆ.